ಎಡಗಿವಿಯ ತಂಬೂರಿ

ಶಕ್ತಿನಗರದ ಟರ್ಬೈನು ಮೂವತ್ತೊಂದು ವರ್ಷ ಮೆಲ್ಲಗೆ ಮೇಯ್ದದ್ದು
ನನ್ನ ಎಡಗಿವಿಯನ್ನು. ಬಲಗಿವಿಯಲ್ಲಿ ಅರ್ಧ ಬಿಟ್ಟಿದೆ, ಉಪಕಾರ.
ಜೂನ್ ಮೂವತ್ತಕ್ಕೆ ಹಾರ, ಶಾಲು, ಒಂದು ಗೋಡೆಗಡಿಯಾರ.
ಅದೇ ಗಡಿಯಾರದ ಕೆಳಗೆ ಮರುದಿನ ನೀಲಾಂಬಿಕಾ
ಕ್ಯಾಲೆಂಡರು ತೂಗುಹಾಕಿ ಕೆಂಪು ಪೆನ್ನು ತೆಗೆದಳು:
"ಎ ಶಿಫ್ಟು, ಬಿ ಶಿಫ್ಟು, ರಾತ್ರಿ ಶಿಫ್ಟು ಮುಗದ್ವಿಲ್ಲೋ?
ಇನ್ನ ಮ್ಯಾಲೆ ನನ್ನ ಶಿಫ್ಟು."

ಶ್ರಾವಣದ ಮೊದಲ ಭಾನುವಾರ ರಾಯಚೂರಿನ ರಂಗಮಂದಿರ.
ಗಾಯಕರು ಬಾಯಿ ತೆರೆದರು. ನನಗೆ ಸಿಕ್ಕಿದ್ದು ತಬಲಾದ ಡಗ್ಗ ಮಾತ್ರ,
ಹೊಟ್ಟೆಯೊಳಗೆ ಯಾರೋ ಬಾಗಿಲು ಬಡಿದಂತೆ.
ಉಳಿದದ್ದೆಲ್ಲ ಮೀನಿನ ಮಾತು.
ಹಾಗಾಗಿ ನಾನು ನೀಲಾಳ ಮುಖ ಓದಿದೆ,
ಕಂಟ್ರೋಲ್ ರೂಮಿನಲ್ಲಿ ಮೀಟರು ಓದಿದ ಹಾಗೆ.
ಹುಬ್ಬು ಮೇಲೆ ಹೋದರೆ ಏನೋ ಏರುತ್ತಿದೆ,
ಮೂಗುತಿ ನಡುಗಿದರೆ ಏನೋ ಇಳಿಯುತ್ತಿದೆ,
ಕಣ್ಣು ಮುಚ್ಚಿದರೆ "ವಾಹ್" ಅನ್ನಬೇಕು.
ಮೂರು ಸಲ ಸರಿಯಾಗಿ ಅಂದೆ.
ನಾಲ್ಕನೆಯ ಸಲ ಅವಳಿಗೆ ತೂಕಡಿಕೆ. ಗಾಯಕರು ನೀರು ಕುಡಿಯುತ್ತಿದ್ದರು.
ಮುಂದಿನ ಸಾಲು ಪೂರ್ತಿ ತಿರುಗಿ ನೋಡಿತು.

ಆಮೇಲೆ ಲಿಂಗಸುಗೂರು ರಸ್ತೆಯ ಹೊಸ ಹೋಟೆಲು.
ಮೇಣದಬತ್ತಿ, ಹೂವಿನಂತೆ ಮಡಿಸಿದ ಕರವಸ್ತ್ರ, ಬಗ್ಗಿ ಪಿಸುಗುಡುವ ಹುಡುಗ.
ಕೇಳಿಸದ್ದಕ್ಕೆಲ್ಲ ಹೂಂ ಅನ್ನುವುದು ನನ್ನ ಹಳೇ ಚಾಳಿ.
ಹೂಂ, ಹೂಂ, ಹೂಂ. ಆರು ಬಟ್ಟಲು ಸೂಪು ಬಂತು.
ಕುಡಿದೆವು. ಸಾವಿರದ ನೂರಾ ನಲವತ್ತು ಕೊಟ್ಟು ಹೊರಗೆ ಬಂದು
ತೀನ್ ಕಂದೀಲ್ ಹತ್ತಿರ ಗಾಡಿ ನಿಲ್ಲಿಸಿ ತಿಂದೆವು
ಒಗ್ಗಾಣಿ, ಮಿರ್ಚಿ, ನಿಂತುಕೊಂಡೇ, ಪೇಪರಿನಲ್ಲಿ.
ಖಾರಕ್ಕೆ ಅವಳು ಬಾಯಿ ಬಿಟ್ಟು ಉಸಿರೆಳೆದದ್ದು ನನಗೆ ಕೇಳಿಸಿತು.
ಅಥವಾ ಕಂಡಿತು. ಈಗೀಗ ಎರಡೂ ಒಂದೇ.

ದೀಪಾವಳಿಗೆ ಸಿಂಧನೂರು, ಅವಳ ತಮ್ಮ ಶರಣೇಗೌಡನ ಮನೆ.
ಹನ್ನೊಂದು ಜನ, ಎರಡು ಟಿವಿ, ಒಂದೇ ಬಚ್ಚಲು.
ಹುಡುಗರು ಬೆನ್ನ ಹಿಂದೆ ನಿಂತು ನನ್ನ ಕಿವಿ ಪರೀಕ್ಷೆ ಮಾಡಿದರು.
ಏನಂದರೋ. ಅವರು ನಕ್ಕರು, ನಾನೂ ನಕ್ಕೆ.
ರಾತ್ರಿ ಅಂಗಳದಲ್ಲಿ ದೊಡ್ಡ ಪಟಾಕಿಗೆ ಬೆಂಕಿ ಹಿಡಿಸಿದಾಗ
ಎಲ್ಲರೂ ತಮ್ಮ ತಮ್ಮ ಕಿವಿ ಮುಚ್ಚಿಕೊಂಡರು.
ನನ್ನ ಕೈ ಎರಡೂ ಖಾಲಿ ಇದ್ದವು.
ತೊಡೆಯ ಮೇಲಿನ ಆರು ತಿಂಗಳ ಕೂಸಿನ ಕಿವಿ ಮುಚ್ಚಿದೆ.
ಅದು ನಿದ್ದೆಯಲ್ಲೇ ಹೆಬ್ಬೆರಳು ಚೀಪುತ್ತಿತ್ತು.

ಪುಷ್ಯದ ಬಿಸಿಲಿಗೆ ಸಾಣಾಪುರದ ಕೆರೆ. ಸುತ್ತ ಬಂಡೆ,
ನಡುವೆ ನಾವು, ಹರಗೋಲು, ಹುಟ್ಟು ಎತ್ತಿ ಕೂತ ಅಂಬಿಗ.
ನೀರಿನ ಮೇಲೆ ಸುಳ್ಳು ಹೊರಲಾಗಲಿಲ್ಲ. ಹೇಳಿದೆ:
"ನನಗ ಹಾಡು ಕೇಳಸೂದಿಲ್ಲ."
"ಗೊತ್ತದ."
"ಯಾವಾಗಿಂದ?"
"ಅವತ್ತು ನನಗ ನಿದ್ದಿ ಬಂದಿದ್ದಿಲ್ಲರೀ.
ನೋಡೋಣಂತ ಕಣ್ಣು ಮುಚ್ಚಿದ್ದೆ."
"ಮತ್ತ ಯಾಕ ಕರಕೊಂಡು ಹೋಗ್ತಿ, ತಿಂಗಳಾ ತಿಂಗಳಾ?"
ಅವಳು ನೀರಿನಲ್ಲಿ ಬೆರಳಾಡಿಸಿದಳು.
"ಎರಡು ತಾಸು ನನ್ನ ಮಾರಿ ನೋಡೀರಿ ನೀವು.
ಮದಿವಿ ದಿನಾನೂ ನೋಡಿದ್ದಿಲ್ಲ."

ಆಗ ಹೇಳಿದೆ, ಡಾಕ್ಟರಿಗೆ ಹೇಳಿದ್ದನ್ನೇ:
ಸತ್ತ ಕಿವಿಯಲ್ಲಿ ಹಗಲು ರಾತ್ರಿ ಒಂದೇ ಸ್ವರ ಕೂಗುತ್ತದೆ,
ಯಾರೂ ಮೀಟದ, ಯಾರೂ ಶ್ರುತಿ ಮಾಡದ ತಂಬೂರಿ.
ಅವಳು ಸರಿದು ಕೂತಳು, ಹರಗೋಲು ವಾಲಿತು.
ತನ್ನ ಕೆನ್ನೆಯ ಎಲುಬನ್ನು ನನ್ನ ಎಡಗಿವಿಯ ಹಿಂದಿನ ಎಲುಬಿಗೆ ಒತ್ತಿ
ಗುನುಗಿದಳು. "ಹಿಂಗದೇನು?"
ಮೇಲೆ, ಅಂದೆ. ಇನ್ನೂ ಮೇಲೆ. ಇನ್ನೂ.
ದನಿ ಒಡೆಯಿತು, ಕೆಮ್ಮು ಬಂತು, ಮತ್ತೆ ಹಿಡಿದಳು.
ಅಲ್ಲೇ. ಅಲ್ಲೇ ಇರು.

ಅಂಬಿಗ ಏನೋ ಕೇಳಿದ.
ಹಳೇ ಚಾಳಿ, ಹೂಂ ಅಂದೆ.
ಹರಗೋಲು ಗಿರಗಿರ ತಿರುಗತೊಡಗಿತು.