ಗಾಳಿಗೆ ಎಷ್ಟು ‘ಉ’

ಕೆಮಿಯಾರ್ವಿಯ ಶಾಲೆ. ಒಂಬತ್ತಾದರೂ ಕತ್ತಲೆ.
ಒದ್ದೆ ಕೈಗವಸುಗಳು ಹೀಟರಿನ ಮೇಲೆ ಮಲಗಿವೆ.
ನನ್ನ ತೊಡೆಯ ಮೇಲೆ ಐದು ತಂತಿಯ ಕಾಂತೆಲೆ.

‘ತುಲಿ’ ಅಂದರೆ ಬೆಂಕಿ:
ಮೀಟಿ, ಬೆರಳಿಟ್ಟು ಆರಿಸುತ್ತೇನೆ.
‘ತೂಲಿ’ ಅಂದರೆ ಗಾಳಿ:
ಮೀಟಿ, ತಂತಿಯನ್ನು ಅದರ ಪಾಡಿಗೆ ಬಿಡುತ್ತೇನೆ.
‘ಕುಕ’, ಯಾರು. ‘ಕುಕ್ಕ’, ಹೂವು:
ನಡುವೆ ಅಂಗೈ ಒತ್ತಿ ಉಸಿರು ಹಿಡಿಯಬೇಕು.
ಹಿಡಿದ ಆ ಒಂದು ಉಸಿರಿಗೆ
ಯಾರೋ ಹೂವಾಗಿಬಿಡುತ್ತಾರೆ.

ಹದಿನಾಲ್ಕು ಮಕ್ಕಳು ಡೆಸ್ಕು ಬಡಿದರು, ಕಾಲು ಕುಟ್ಟಿದರು.
ಓಯ್ವ ಬಾಯಿ ಬಿಡಲಿಲ್ಲ. ಸೆಪ್ಟೆಂಬರಿನಿಂದ ಹೀಗೇ,
ಓದು ಅಂದರೆ ಕಾಲುಚೀಲದ ತೂತು ನೋಡುತ್ತಾನೆ.
ಇವತ್ತು ಮಾತ್ರ ಎದ್ದು ಬಂದು
ಕಾಂತೆಲೆಯ ಮರಕ್ಕೆ ಗಲ್ಲ ಆನಿಸಿದ.
ಮೀಟಿದೆ.
ಸದ್ದು ಪೂರ್ತಿ ತೀರುವವರೆಗೆ ತೆಗೆಯಲಿಲ್ಲ,
ಆಮೇಲೂ ಸ್ವಲ್ಪ ಹೊತ್ತು.

ಸಂಜೆ ತಿದ್ದಲು ಕೂತರೆ ಅವನ ಹಾಳೆಯಲ್ಲಿ
ಗಾಳಿಗೆ ಎರಡು ‘ಉ’ ಸಾಲದೆ ನಾಲ್ಕು.
ಐದನೆಯದು, ಜಾಗ ಸಿಗದೆ,
ಅವನ ಡೆಸ್ಕಿನ ಮರದ ಮೇಲೆ.

ಕೆಂಪು ಪೆನ್ನಿನ ಮುಚ್ಚಳ ತೆಗೆದೆ.
ಹೊರಗೆ, ಹೆಪ್ಪುಗಟ್ಟಿದ ಸರೋವರದ ಮೇಲಿಂದ
ಅದು ಬೀಸುತ್ತಲೇ ಇತ್ತು.
ಎಣಿಸುತ್ತ ಕೂತೆ.