ನಿಂತೇ ಹೋಗುವವಳು

ಇಟ್ಟಿಗೆಗೂಡಿನ ತಿರುವಿನಲ್ಲಿ ನನ್ನದು
ಆರಡಿ-ಎಂಟಡಿಯ ಟಿಕೆಟ್ ಅಂಗಡಿ.
ಗೋಡೆಯ ಮೇಲೊಂದು ವಿಮಾನ, ಬಾಲದ ಬಳಿ ಗೆದ್ದಲು.
ಮಟಮಟ ಮಧ್ಯಾಹ್ನ, ಗಿರಾಕಿಯಿಲ್ಲದ ಹೊತ್ತು,
ಚಪ್ಪಲಿ ಹೊರಗೇ ಬಿಟ್ಟು ಬಂದ ಚಿಕ್ಕಸಿದ್ದಪ್ಪ,
ರೇಸ್‌ಕೋರ್ಸಿನ ಲಾಯದಲ್ಲಿ ಮೂವತ್ತೊಂದು ವರ್ಷದ ಆಳು.
ಕೂತ್ಕೊಳ್ಳಿ ಅಂದೆ. ಕೂರಲಿಲ್ಲ.

"ಇಸ್ತಾಂಬುಲ್ಲು ಅಂತ ಒಂದೂರು ಅದಂತಲ್ಲ ಕವ್ವ,
ಇಮಾನ ಎಷ್ಟೊತ್ತು ಹಾರ್ತದೆ?"

ಬೆಂಗಳೂರಿಂದ ಗೆರೆ ಎಳೆದರೆ
ಐದು ಸಾವಿರದ ಆರುನೂರ ನಲವತ್ತು ಕಿಲೋಮೀಟರು.
ನೇರ ಹಾರಿದರೆ ಎಂಟೂವರೆ ಗಂಟೆ,
ನಡುವೆ ಇಳಿದು ಹತ್ತಿದರೆ ಹದಿನಾಲ್ಕು, ಹದಿನೈದು.
ಎಷ್ಟು ಜನ? ಅಂದೆ.
"ಜನ ಅಲ್ಲ. ನಮ್ ಗೌರಿ."

ರೇಸಿನ ಪುಸ್ತಕದಲ್ಲಿ ಅವಳಿಗೆ ಇಂಗ್ಲಿಷಿನ ಉದ್ದ ಹೆಸರು,
ಇವನ ನಾಲಿಗೆಯಲ್ಲಿ ಹೊರಳದ್ದು.
ಯಜಮಾನರು ಮಾರಿದರು. ಕೊಂಡವರು ಅಲ್ಲಿಯವರು.
ಹಲಗೆ ಹೊಡೆದ ಪೆಟ್ಟಿಗೆಯಲ್ಲಿ ನಿಲ್ಲಿಸಿ
ಸರಕಿನ ವಿಮಾನದಲ್ಲಿ ಕಳಿಸುತ್ತಾರಂತೆ.
ಸರಕಿನ ವಿಮಾನ ನನ್ನ ಪರದೆಯಲ್ಲಿ ಬರುವುದಿಲ್ಲ.
ಹೇಳಲಿಲ್ಲ.

"ಲಾರಿಗೆ ಇನ್ನೊಂದ್ ನಾಕು ಗಂಟೆ ಸೇರ್ಸು.
ಮದ್ದೂರ್‌ತಾವ ನೀರ್ ಕುಡುಸ್ಬೋದು,
ಮೇಲೆ ಯಾರು ಕುಡುಸ್ತಾರೆ?
ನಿಂತೇ ನಿದ್ದೆ ಮಾಡ್ತಾಳೆ, ಅದು ಸರಿ.
ನೆಲ ಅಳ್ಳಾಡಿದ್ರೆ ಮಾಡಾಕಿಲ್ಲ."

ಆಮೇಲೆ ಬೆರಳು ಮಡಿಸುತ್ತ ಒಂದು ಲೆಕ್ಕ ಹಿಡಿದ.
ಸಾವಿರದಿನ್ನೂರು ಮೀಟರಿಗೆ ಎಪ್ಪತ್ತೆರಡು ಸೆಕೆಂಡು,
ಗಂಟೆಗೆ ಅರವತ್ತಾಯಿತು;
ನಾನು ಕ್ಯಾಲ್ಕುಲೇಟರ್ ಹುಡುಕುವ ಮೊದಲೇ
"ಅವ್ಳೇ ಓಡುದ್ರೆ ಮೂರು ದಿನ, ಇಪ್ಪತ್ತೆರಡು ಗಂಟೆ."
ನಡುವೆ ಸಮುದ್ರ ಇದೆ, ಅಂದೆ.
"ಅದಿರ್ಲಿ ಬುಡವ್ವ, ಲೆಕ್ಕಕ್ಕೆ ಯೋಳ್ದೆ."
ಹೊರಗೆ ಸಿಟಿ ಬಸ್ಸೊಂದು ತಿರುವು ಸಿಗದೆ
ಹಾರನ್ನು ಹೊಡೆಯುತ್ತಲೇ ಇತ್ತು.

ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ.
ಇದೊಂದು ಅವನಿಗೆ ಹಿಡಿಸಲಿಲ್ಲ.
ಇಲ್ಲಿ ಬೆಟ್ಟದ ದೀಪ ಇನ್ನೂ ಉರಿಯುವಾಗ, ನಾಲ್ಕಕ್ಕೆ,
ಓಟ್ಸು, ಹುರುಳಿ, ಮೇಲೊಂದು ಚೂರು ಬೆಲ್ಲ;
ಐದು ನಿಮಿಷ ತಡವಾದರೆ ಎಡಗಾಲಲ್ಲಿ ಬಾಗಿಲಿಗೆ ಒದೆಯುತ್ತಾಳೆ.
ಅಲ್ಲಾದರೆ ನಡುರಾತ್ರಿ ಒಂದೂವರೆಗೆ ಒದೆಯುತ್ತಾಳೆ.
ಅಲ್ಲಿಯ ಹುಡುಗ ಗೊರಕೆಯಲ್ಲಿರುತ್ತಾನೆ,
ಎದ್ದು ಬರುತ್ತಾನೆ, ಪೊಗರು ಅಂದುಕೊಂಡು...
ಮಾತು ಮುಗಿಸದೆ ಗೋಡೆಯ ವಿಮಾನ ನೋಡಿದ.

"ಒಂದು ಚೀಟಿ ಬರ್ಕೊಡು ಕವ್ವ."
ಯಾವ ಭಾಷೆಯಲ್ಲಿ?
"ನಿಂಗೆ ಬರೋದ್ರಲ್ಲಿ ಬರಿ. ಗಡಿಯಾರದ ಚಿತ್ರ ಹಾಕು."

ರದ್ದಾದ ಟಿಕೆಟಿನ ಹಿಂಬದಿಗೆ ಬರೆದೆ:
ಇವಳಿಗೆ ಹಸಿವು ನಮ್ಮೂರ ಗಂಟೆಯಲ್ಲಿ ಆಗುತ್ತದೆ.
ಸ್ವಲ್ಪ ದಿನ ಬೇಕು. ಹೊಡೆಯಬೇಡಿ.
ಕೆಳಗೆ ಇಂಗ್ಲಿಷಿನಲ್ಲೂ ಬರೆದೆ, ಕಾಗುಣಿತ ತಪ್ಪಿದ್ದೀತು.
ಒಂದು ಗಡಿಯಾರ, ಪಕ್ಕಕ್ಕೆ ಎತ್ತಿದ ಒಂದು ಕಾಲು.
ಕಾಲು ಆಡಿನದರಂತೆ ಬಂತು.
ನಕ್ಕ, ಮೊದಲ ಸಲ. ಮೇಲಿನ ಹಲ್ಲೆರಡು ಇರಲಿಲ್ಲ.

ಎಷ್ಟಾಯ್ತು? ಅಂದ. ವಿಚಾರಿಸಿದ್ದಕ್ಕೆ ದುಡ್ಡಿಲ್ಲ ಅಂದೆ.
ಜೇಬಿಂದ ಬೆಲ್ಲದ ಚೂರು ತೆಗೆದು
ಅಂಟಿದ್ದ ಕಂದು ಕೂದಲು ಬಿಡಿಸಿ
ಕೀಬೋರ್ಡಿನ ಪಕ್ಕ ಇಟ್ಟು ಹೋದ.

ಹೋದ ಮಂಗಳವಾರ ಲಾರಿ ಹೊರಟಿತಂತೆ.
ಚೀಟಿಯನ್ನು ಲಗಾಮಿಗೆ ಕಟ್ಟಿದನೋ
ಡ್ರೈವರ ಕೈಗೆ ಕೊಟ್ಟನೋ, ತಿಳಿಯದು.
ಈಗೀಗ ನನಗೆ ನಾಲ್ಕಕ್ಕೆ ಎಚ್ಚರವಾಗುತ್ತದೆ.
ಕಿಟಕಿಯಲ್ಲಿ ಬೆಟ್ಟದ ದೀಪ ಅಷ್ಟೂ ಇವೆ.
ಒಂದೂವರೆ, ಅಂದುಕೊಂಡು
ಮಗ್ಗುಲು ಬದಲಿಸುತ್ತೇನೆ.