ಬೆನ್ನ ಮೇಲಿನ ಮೂರು

ಕುಂಬಳೆಯಲ್ಲಿ ಸೆವೆನ್ಸ್ ಶುರುವಾಯಿತೆಂದರೆ
ನನ್ನ ಮೆಷಿನ್ನಿಗೆ ಅಂಕೆಗಳ ಸೀಸನ್.
ಏಳು, ಒಂಬತ್ತು, ಹತ್ತು, ಎಲ್ಲರಿಗೂ ಇವೇ ಬೇಕು.
ಮೂರು ಕೇಳಿಕೊಂಡು ಬಂದವರು ಕಡಿಮೆ.
ಬ್ಲೌಸು ಬದಿಗಿಟ್ಟು ಮೊಗ್ರಾಲಿನ ಹುಡುಗರ ಜೆರ್ಸಿಗೆ
ಗಡಿಯಾರ ನೋಡದೆ ಹೊಲಿಗೆ ಹೊಡೆಯುವವಳು,
ಬೇಳದ ಸೆವ್ರಿನ್ ನಾನು,
ಒಂದು ಆಟವನ್ನೂ ಪೂರ್ತಿ ನೋಡಿದವಳಲ್ಲ.

ಆ ವರ್ಷ ಅಂದುಂಞಿಯ ಟೀಮಿಗೆ ಬಂದಿದ್ದ ಸೋಯಿಲಿಹಿ.
ಪೇಟೆಯವರು ಅವನನ್ನು ನೈಜೀರಿಯಾ ಎಂದು ಕರೆದರು,
ತಿದ್ದಿ ತಿದ್ದಿ ಕೈಬಿಟ್ಟ.
ವಾಸ ನನ್ನ ಅಂಗಡಿಯ ಮಾಳಿಗೆಯಲ್ಲಿ.
ಯಾವೂರು ಎಂದೆ.
ಕೊಯ್ಪಾಡಿ ಕಡಲಿಗೆ ಬೆರಳು ಚಾಚಿದ:
ಅದರಾಚೆ, ಸ್ವಲ್ಪ ಎಡಕ್ಕೆ.

ಕೊಮೊರೊಸ್.
ನಾಲಗೆಗೆ ಹೊಂದಲು ಎರಡು ದಿನ ಹಿಡಿಯಿತು.
ಇಡೀ ದೇಶದ ಜನ ಸೇರಿದರೂ
ನಮ್ಮ ಒಂದು ಕಾಸರಗೋಡು ಜಿಲ್ಲೆಯಷ್ಟಿಲ್ಲವಲ್ಲ,
ಮೊಬೈಲು ನೋಡಿ ನಕ್ಕ ಅಂದುಂಞಿ.
ಅವನೂ ನಕ್ಕ: ಲವಂಗ ಜಾಸ್ತಿ, ಜನ ಕಮ್ಮಿ.

ಜನವರಿಗೆ ಮತ್ತೆ ರೋಗ. ಸೆವೆನ್ಸ್ ನಿಂತಿತು.
ಗ್ಯಾಲರಿಯ ಗಾಳಿಮರದ ಕಂಬ ಬಿಚ್ಚಿ ಒಯ್ದರು.
ಕೆಲಸವಿಲ್ಲದ ಸೋಯಿಲಿಹಿ ಚಿಂದಿಯ ಗೋಣಿ ಕೆದಕಿ
ಒಂದು ಬಾವುಟ ಹೊಲಿದುಕೊಡಿ ಎಂದ.
ಹಸಿರು ಸಿಕ್ಕಿತು, ಮದರಸದ ಯೂನಿಫಾರ್ಮಿನದು.
ಕೆಂಪು, ಪಾರ್ಟಿಯವರ ತೋರಣದಲ್ಲಿ ಉಳಿದದ್ದು.
ಬಿಳಿ, ಅಣ್ಣನ ಮಗಳ ಮೊದಲ ಪರಮಪ್ರಸಾದದ ಫ್ರಾಕಿನ ಅಂಚು.
ಹಳದಿ, ನೀಲಿ ಹೇಗೋ ಆಯಿತು.
ನಕ್ಷತ್ರಗಳೇ ಕಷ್ಟ:
ಐದು ಮೂಲೆ, ಐದೂ ನೂಲು ಬಿಡುತ್ತವೆ.

ದ್ವೀಪ ಮೂರೆಂದೆಯಲ್ಲ, ನಕ್ಷತ್ರ ನಾಲ್ಕೇಕೆ,
ಒಂದಾದರೂ ಉಳಿದೀತೆಂದು ಕೇಳಿದೆ.
ನಾಲ್ಕನೆಯದು ಫ್ರಾನ್ಸಿನ ಜೊತೆ ಉಳಿಯಿತು, ಎಂದ.
ಅಲ್ಲಿಯವರೇ ಓಟು ಹಾಕಿ ಉಳಿದರು.
ನಕ್ಷತ್ರ ಮಾತ್ರ ನಾವು ತೆಗೆದಿಲ್ಲ.
ನಾನು ಸೂಜಿಗೆ ದಾರ ಪೋಣಿಸುತ್ತ ಸುಮ್ಮನಾದೆ.
ಚಂದ್ರಗಿರಿಯ ಈ ದಡದವರಿಗೆ
ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.
ಅಪ್ಪನ ಟ್ರಂಕಿನಲ್ಲಿ ಇನ್ನೂ ಒಂದು ಭೂಪಟವಿದೆ,
ಪೆನ್ಸಿಲಿನ ಗೆರೆ ಎಳೆದದ್ದು.

ಹದಿನೇಳು ವರ್ಷದ ಹಿಂದೆ
ಫಿಫಾದ ಪಟ್ಟಿಯಲ್ಲಿ ಹೆಸರೇ ಇರದ ಟೀಮಂತೆ.
ಹೆಚ್ಚಿನವರು ಫ್ರಾನ್ಸಿನಲ್ಲಿ ಹುಟ್ಟಿದವರು.
ನಮ್ಮ ದುಬೈ ಮಕ್ಕಳ ಹಾಗೆಯೋ,
ಅಜ್ಜಿಯ ಭಾಷೆಯಲ್ಲಿ ಬೈಗುಳ ಮಾತ್ರ ಬರುತ್ತದೆಯೋ,
ಎಂದು ಕೇಳಿದ ಅಂದುಂಞಿ.
ಬೈಗುಳ ಬಂದರೆ ಸಾಕು ಆಟಕ್ಕೆ, ಎಂದ ಸೋಯಿಲಿಹಿ.
ಘಾನಾವನ್ನು ಮೂರು–ಎರಡಕ್ಕೆ ಹೊಡೆದ ರಾತ್ರಿ
ಮಾಳಿಗೆಯ ಕುಣಿತಕ್ಕೆ ನನ್ನ ಎಣ್ಣೆಡಬ್ಬಿ ಉರುಳಿ
ಯಾರದೋ ಮದುವೆಯ ಬ್ಲೌಸು ಹಾಳಾಯಿತು.

ಮುಂದಿನದು ಕ್ಯಾಮರೂನ್. ನಡುರಾತ್ರಿ ದಾಟಿತ್ತು.
ಮೆಷಿನ್ನಿಗೆ ಒರಗಿಸಿಟ್ಟ ಫೋನು, ಸುತ್ತ ಆರು ತಲೆ.
ಒಬ್ಬ ಗೋಲಿಗೆ ಗಾಯ, ಇನ್ನಿಬ್ಬರಿಗೆ ಅದೇ ರೋಗ.
ಎಡಗಡೆ ಹಿಂದೆ ಆಡುವವನೊಬ್ಬ
ಕೈಗವಸು ತೊಟ್ಟು ಕಂಬಗಳ ನಡುವೆ ನಿಂತ.
ಬೆನ್ನ ಮೇಲೆ ಮೂರು.
ಹೊಲಿದದ್ದಲ್ಲ.
ಟೇಪು ಹರಿದು ಅಂಟಿಸಿದ್ದು.

ಆಮೇಲೆ ನನಗೆ ಚೆಂಡು ಕಾಣಲಿಲ್ಲ.
ಬೆವರಿಗೆ ಬಿಟ್ಟುಕೊಳ್ಳುವ ಜಾತಿ ಅದು, ನನಗೆ ಗೊತ್ತು.
ತುದಿ ಏಳುತ್ತದೋ, ಮಡಚುತ್ತದೋ,
ಅದನ್ನೇ ನೋಡುತ್ತ ಕೂತೆ.
ಏಳನೆಯ ನಿಮಿಷಕ್ಕೆ ಒಬ್ಬನನ್ನು ಹೊರಗಟ್ಟಿದರು.
ಹತ್ತು ಜನ ಯಥೇಷ್ಟ, ನಾವು ಏಳರಲ್ಲೇ ಆಡುವುದಲ್ಲವೋ,
ಎಂದ ಅಂದುಂಞಿ, ದನಿ ನಡುಗುತ್ತಿತ್ತು.
ಬಿದ್ದು ಒಂದನ್ನು ತಡೆದ,
ಏಳುತ್ತಲೇ ಇನ್ನೊಂದನ್ನೂ.
ಒಳಹೋದದ್ದು ಎರಡು.
ಕೊನೆಕೊನೆಗೆ ದೂರದಿಂದ ಇವರೊಬ್ಬ ಒದ್ದದ್ದು ಬಲೆಗೆ ಬಿದ್ದಾಗ
ಸೋಯಿಲಿಹಿ ಕೂಗಲಿಲ್ಲ,
ಬಾವುಟ ಬಾಯಿಗೆ ಒತ್ತಿಕೊಂಡ.

ಸೋತರು.
ಮೂರು ಉದುರಲಿಲ್ಲ.

ಮಳೆಗೆ ಮುಂಚೆ ಅವನು ಹೋದ.
ಈಗ ಸುದ್ದಿ ಬರುತ್ತದೆ ಒಮ್ಮೊಮ್ಮೆ,
ಆ ಟೀಮು ಯಾರನ್ನೋ ಸೋಲಿಸಿತೆಂದು;
ಕತ್ತರಿ ಕೆಳಗಿಟ್ಟು ಕೇಳುತ್ತೇನೆ.
ಬಾಕಿ ಪುಸ್ತಕದಲ್ಲಿ ಅವನ ಹೆಸರು ಹಾಗೇ ಇದೆ:
ಬಾವುಟ ಒಂದು, ಅರವತ್ತು ರೂಪಾಯಿ.
ಬರುತ್ತದೆಂದಲ್ಲ.
ಹೊಡೆದುಹಾಕಿಲ್ಲ, ಅಷ್ಟೆ.